ಬಯಲನ್ನು ಕಾಯ್ದ ಬರಹ

ಮೊದಲನೆಯ ಮಹಾಯುದ್ಧವು 1918ರಲ್ಲಿ ಮುಗಿದ ತರುವಾಯ ಇಂಗ್ಲೆಂಡಿನ ಅನೇಕ ಹಳ್ಳಿಗರು, ಮಡಿದ ತರುಣರ ಸ್ಮರಣೆಗೆ ಶಿಲಾಸ್ತಂಭವೊಂದೇ ಸಾಲದೆಂದು ಬಗೆದು, ಚಂದಾ ಎತ್ತಿ ಗ್ರಾಮಭವನಗಳನ್ನು ಕಟ್ಟಿಸಿದರು. ಸಭೆ, ನಾಟಕ, ಮದುವೆಯೂಟ ಎಲ್ಲಕ್ಕೂ ಅಲ್ಲಿ ಎಡೆ ದೊರೆಯಿತು. ಭವನದ ಮಗ್ಗುಲಿನ ಬಯಲು ಮಕ್ಕಳ ಪಾಲಾಯಿತು.

ಆದರೆ ಊರು ಬೆಳೆದಂತೆಲ್ಲ ತೆರೆದ ನೆಲದ ಮೇಲೆ ಮನೆ ಕಟ್ಟುವವರ ಕಣ್ಣು ಬೀಳುವುದು ಸಹಜ. ಈ ಅಪಾಯವನ್ನರಿತ ಹಿರಿಯರು 1925ರಲ್ಲಿ ರಾಷ್ಟ್ರೀಯ ಆಟದ ಮೈದಾನಗಳ ಸಂಘವನ್ನು ಸ್ಥಾಪಿಸಿದರು. 1936ರಲ್ಲಿ ಐದನೆಯ ಜಾರ್ಜ್ ದೊರೆ ತೀರಿಕೊಂಡಾಗ, ಆತನ ಹೆಸರಿನಲ್ಲಿ ಮೈದಾನಗಳನ್ನು ರೂಪಿಸಲು ಪ್ರತಿಷ್ಠಾನವೊಂದು ಏರ್ಪಟ್ಟಿತು. ಅದರ ಕಾರ್ಯವು 1965ರಲ್ಲಿ ಕೊನೆಗೊಳ್ಳುವಾಗ ಬ್ರಿಟನ್ನಿನಾದ್ಯಂತ 471 ಮೈದಾನಗಳು ಸಿದ್ಧವಾಗಿದ್ದವು.

ಈ ನೆಲವು ಎಂದೆಂದಿಗೂ ಆಟಪಾಟಗಳಿಗೇ ಮೀಸಲೆಂದು ಪತ್ರದಲ್ಲಿ ಬರೆದಿಟ್ಟದ್ದೇ ಅವುಗಳ ಬಲ. ದಾನಿಯು ಕಾಲವಶನಾಗುತ್ತಾನೆ, ವಿವೇಕದಿಂದ ಬರೆದ ದಾನಪತ್ರವು ಮೊಮ್ಮಕ್ಕಳ ಕಾಲಕ್ಕೂ ಕಾವಲಾಗಿ ನಿಲ್ಲುತ್ತದೆ.