ವೃತ್ತಿ ಮೌಲ್ಯಮಾಪನದಲ್ಲಿ ಲಿಂಗ ಸಮಾನತೆ

ಮನೆ, ಮಕ್ಕಳು ಹಾಗೂ ವೃದ್ಧರ ಆರೈಕೆಯ ಹೊಣೆ ಬಹುಪಾಲು ಮಹಿಳೆಯರ ಮೇಲಿರುತ್ತದೆ. ಇದರಿಂದ ಉಂಟಾಗುವ ರಜೆ ಅಥವಾ ಸೇವಾ ವಿರಾಮವನ್ನು ಸಾಮರ್ಥ್ಯದ ಕೊರತೆಯೆಂದು ಪರಿಗಣಿಸಿದಲ್ಲಿ, ಮೌಲ್ಯಮಾಪನವೇ ತಾರತಮ್ಯಕ್ಕೆ ಕಾರಣವಾಗುತ್ತದೆ.

ಭಾರತೀಯ ಭೂಸೇನೆಯ ಪ್ರಕರಣ

1992ರಿಂದ ಭೂಸೇನೆಯ ವೈದ್ಯಕೀಯೇತರ ಶಾಖೆಗಳಿಗೆ ಮಹಿಳಾ ಅಧಿಕಾರಿಗಳನ್ನು ಅಲ್ಪಾವಧಿ ಸೇವೆಗೆ ನೇಮಿಸಿಕೊಳ್ಳಲಾಯಿತು. ಅವರಿಗೂ ಕಾಯಂ ಸೇವೆಯ ಅವಕಾಶ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿ 17ರಂದು ತೀರ್ಪು ನೀಡಿತು. ಆದರೆ ಆಯ್ಕೆಗೆ ಅವರ ಹಳೆಯ ಗೌಪ್ಯ ವರದಿಗಳನ್ನೇ ಆಧರಿಸಲಾಯಿತು. ಕಾಯಂ ಸೇವೆಗೆ ಪರಿಗಣಿತರಾಗುವುದಿಲ್ಲವೆಂಬ ಕಾರಣದಿಂದ ಆ ವರದಿಗಳು ನಿರ್ಲಕ್ಷ್ಯದಿಂದ ಬರೆಯಲ್ಪಟ್ಟಿದ್ದವೆಂದು 2021ರ ಮಾರ್ಚ್ 25ರ ತೀರ್ಪಿನಲ್ಲಿ ಗಮನಿಸಿದ ನ್ಯಾಯಾಲಯವು, ಈ ಮಾನದಂಡವು ಪರೋಕ್ಷ ತಾರತಮ್ಯವೆಂದು ಘೋಷಿಸಿತು. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಆದ ಅಳತೆಗೋಲು ಪರಿಣಾಮದಲ್ಲಿ ಸಮಾನವಾಗಿರದೆಂಬುದು ಇದರ ಸಾರ.

ನೌಕರರು ಗಮನಿಸಬೇಕಾದ ಅಂಶಗಳು

1. ಸೇನೆಯನ್ನು ಹೊರತುಪಡಿಸಿ, ಸರ್ಕಾರಿ ನೌಕರರಿಗೆ ವಾರ್ಷಿಕ ವರದಿಯ ಪ್ರತಿಯೊಂದು ನಮೂದನ್ನೂ ತಿಳಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ತೀರ್ಪು ನೀಡಿದೆ.
2. ನಮೂದಿನ ಬಗ್ಗೆ ಆಕ್ಷೇಪವಿದ್ದಲ್ಲಿ ಲಿಖಿತ ಮನವಿ ಸಲ್ಲಿಸಬಹುದು.
3. ಮನವಿಯಲ್ಲಿ ರಜೆಯ ಅವಧಿಯನ್ನೂ, ಕರ್ತವ್ಯದಲ್ಲಿದ್ದ ಅವಧಿಯಲ್ಲಿ ನಿರ್ವಹಿಸಿದ ಕಾರ್ಯಗಳನ್ನೂ ಪ್ರತ್ಯೇಕವಾಗಿ ನಮೂದಿಸುವುದು ಸೂಕ್ತ.