ನಿಂತ ಕಾರಿನ ಕಾಗದ, ಓಡುವ ಕಾರಿನ ಹೊಗೆ

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಂತ ವ್ಯಾನಿನಿಂದ ಹುಡುಗನೊಬ್ಬನು ಇಳಿದು ಬಂದು, ಕಾರಿನ ಸೈಲೆನ್ಸರಿನೊಳಕ್ಕೆ ಲೋಹದ ಸಲಾಕೆಯೊಂದನ್ನು ತೂರಿಸಿ, ನಂಬರ್ ಪ್ಲೇಟಿನ ಚಿತ್ರವನ್ನು ತೆಗೆದು, ಕೆಲವು ನಿಮಿಷಗಳಲ್ಲಿಯೇ ಅಂಕಿಗಳನ್ನು ಅಚ್ಚೊತ್ತಿದ ಕಾಗದವನ್ನು ಕೈಗಿತ್ತನೆಂದರೆ, ವಾಹನದ ಒಡೆಯನ ಪಾಲಿಗೆ ಎಮಿಷನ್ ಟೆಸ್ಟ್ ಎಂಬ ವಿಧಿ ಮುಗಿದಂತೆಯೇ. ಆ ಕಾಗದವು ಸುಳ್ಳಾಡುವುದೆಂದು ನಾನು ಹೇಳಲಾರೆ. ಆದರೆ ಅದು ನುಡಿಯುವ ಸಾಕ್ಷ್ಯವೆಲ್ಲವೂ ನಿಂತ ಕಾರನ್ನು ಕುರಿತದ್ದು. ಎಂಜಿನ್ನು ಭಾರವನ್ನು ಹೊರದೆ ಸುಮ್ಮನೆ ತಿರುಗುತ್ತಿರುವಾಗ ಕಾರ್ಬನ್ ಮೊನಾಕ್ಸೈಡ್ ಎಷ್ಟು, ಹೈಡ್ರೋಕಾರ್ಬನ್ ಎಷ್ಟು ಎಂಬುದನ್ನು ಅದು ಬಲ್ಲುದು. ಅದೇ ಕಾರು ಮುಂಜಾನೆ ತಣ್ಣಗಿರುವಾಗಲೇ ಹೊರಟು, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನುಗ್ಗಿ ನಿಂತು, ಸಂಜೆ ಹೆದ್ದಾರಿಯನ್ನು ಹಿಡಿದಾಗ ಏನನ್ನು ಉಗುಳುವುದೆಂಬುದನ್ನು ಅರಿಯದು.

ಮೊದಲು ಆ ಮುಂಜಾನೆಯ ಮಾತು. ಪೆಟ್ರೋಲ್ ಕಾರಿನ ಹೊಗೆಕೊಳವೆಯಲ್ಲಿ, ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಎಂಬ ಬೆಲೆಬಾಳುವ ಲೋಹಗಳ ತೆಳುಲೇಪವುಳ್ಳ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನವೊಂದುಂಟು. ವಿಷಾನಿಲಗಳ ಬಹುಭಾಗವನ್ನು ನಿರುಪದ್ರವವಾಗಿ ಮಾರ್ಪಡಿಸಬಲ್ಲ ಈ ಸಾಧನವು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಏರುವವರೆಗೆ ತನ್ನ ಕೆಲಸವನ್ನು ಸರಿಯಾಗಿ ಆರಂಭಿಸಲಾರದು. ತಣ್ಣಗಿರುವ ಎಂಜಿನ್ನಿಗೆ ಇಂಧನವೂ ಹೆಚ್ಚಾಗಿ ಬೇಕು. ಆದಕಾರಣ ಹೊರಟ ಮೊದಲ ಒಂದೆರಡು ನಿಮಿಷಗಳ ಹೊಗೆಯೇ ಇಡೀ ಪ್ರಯಾಣದ ಹೊಗೆಯಲ್ಲಿ ಅತ್ಯಂತ ಮಲಿನವಾದುದು. ಹಾಲು ತರಲೆಂದು ಮುಂದಿನ ಬೀದಿಗೆ ಕಾರಿನಲ್ಲಿ ಹೋಗಿಬರುವ ಗೃಹಸ್ಥನು ಆ ಮಲಿನಭಾಗವನ್ನಷ್ಟೇ ಹೊರಸೂಸಿ ಮನೆಗೆ ಹಿಂದಿರುಗಿರುತ್ತಾನೆ.

ಎಂಜಿನ್ನು ಕಾದ ಮೇಲೆ ಸ್ಥಿತಿ ಬೇರೆ. 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಎಂಬ ತೂಕದ ಪ್ರಮಾಣವು ತಪ್ಪದಿರುವಷ್ಟು ಕಾಲ ಕನ್ವರ್ಟರ್ ದಕ್ಷವಾಗಿ ದುಡಿಯುತ್ತದೆ. ಆದರೆ ಚಾಲಕನು ಆಕ್ಸಿಲರೇಟರನ್ನು ತಳಮುಟ್ಟ ಒತ್ತಿದಾಗ ಅನೇಕ ಎಂಜಿನ್ನುಗಳು ಹೆಚ್ಚು ಇಂಧನವನ್ನು ಸೆಳೆದು, ಅರೆಸುಟ್ಟ ಅನಿಲವನ್ನು ಹೊರಹಾಕುತ್ತವೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂತಹ ಕಡೆಗಳಲ್ಲಿ ತೆವಳುವ ಕಾರು ದೂರವನ್ನು ಕ್ರಮಿಸದೆಯೇ ಇಂಧನವನ್ನು ಸುಡುವುದರಿಂದ, ಕಿಲೋಮೀಟರಿನ ಲೆಕ್ಕದಲ್ಲಿ ಅದರ ಹೊಗೆ ವಿಪರೀತವಾಗುತ್ತದೆ. ಹಾಗೆಂದು ವೇಗವು ನಿರ್ದೋಷಿಯಲ್ಲ: ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕನುಗುಣವಾಗಿ ಬೆಳೆಯುವುದು. ಘಾಟಿಯ ಏರು, ತುಂಬಿದ ಡಿಕ್ಕಿ, ಎ.ಸಿ. ಇವೆಲ್ಲವೂ ತಮ್ಮ ತಮ್ಮ ಪಾಲನ್ನು ಕೂಡಿಸುತ್ತವೆ.

ಇಷ್ಟೆಲ್ಲವೂ ತಿಳಿದಿದ್ದ ಯುರೋಪಿಯನ್ನರು ಬಹುಕಾಲ ತಮ್ಮ ಕಾರುಗಳನ್ನು ಅಳೆದ ಬಗೆ ವಿಚಿತ್ರವಾದುದು. ಪ್ರಯೋಗಶಾಲೆಯಲ್ಲಿ ಉರುಳೆಗಳ ಮೇಲೆ ಕಾರನ್ನು ನಿಲ್ಲಿಸಿ, ಪರದೆಯ ಮೇಲಿನ ಗೆರೆಯನ್ನು ಅನುಸರಿಸಿ 1180 ಸೆಕೆಂಡುಗಳಲ್ಲಿ ಸುಮಾರು 11 ಕಿಲೋಮೀಟರ್ ಓಡಿಸುವುದು, ಎ.ಸಿ. ಹಾಕುವಂತಿಲ್ಲ, ನಿಂತಲ್ಲಿಂದ 50 ಕಿಲೋಮೀಟರ್ ವೇಗಕ್ಕೆ ಏರಲು 26 ಸೆಕೆಂಡುಗಳ ಅವಕಾಶ. ಅಷ್ಟು ಸಾವಧಾನವಾಗಿ ಹೊರಡುವವನನ್ನು ನಮ್ಮ ಊರಿನಲ್ಲಿ ಹಿಂದಿನ ಆಟೋದವನು ಸಹಿಸಿಯಾನೇ! ಭಾರತವು ಇದೇ ಕ್ರಮವನ್ನು ಸ್ವೀಕರಿಸಿ, 120 ಕಿಲೋಮೀಟರಿನ ಗರಿಷ್ಠ ವೇಗವನ್ನು 90ಕ್ಕೆ ಇಳಿಸಿಕೊಂಡಿತು. ಪ್ರಶ್ನೆಪತ್ರಿಕೆಯನ್ನು ಮೊದಲೇ ಕಂಡ ವಿದ್ಯಾರ್ಥಿಯಂತೆ, ಕಾರುಗಳು ಆ ಗೆರೆಗೆ ತಕ್ಕಂತೆ ಸಿದ್ಧವಾಗಿ ಬಂದು ತೇರ್ಗಡೆಯಾದವು.

ಗುಟ್ಟು ಹೊರಬಿದ್ದದ್ದು ಅಮೆರಿಕದ ರಸ್ತೆಗಳಲ್ಲಿ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಸಣ್ಣ ತಂಡವೊಂದು, ಅದರಲ್ಲಿ ಬೆಂಗಳೂರು ಮೂಲದ ವಿದ್ಯಾರ್ಥಿಯೊಬ್ಬರೂ ಇದ್ದರು, ಅಳೆಯುವ ಉಪಕರಣಗಳನ್ನೇ ಡೀಸೆಲ್ ಕಾರುಗಳಿಗೆ ಕಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಓಡಿಸಿತು; ಒಂದನ್ನು ಸಿಯಾಟಲ್‌ವರೆಗೂ ಒಯ್ದು ತಂದಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಫೋಕ್ಸ್‌ವ್ಯಾಗನ್ನಿನ ಜೆಟ್ಟಾ ಕಾರು ಸಾರಜನಕದ ಆಕ್ಸೈಡುಗಳನ್ನು ಮಿತಿಯ 15ರಿಂದ 35 ಪಟ್ಟು ಉಗುಳಿತ್ತು. ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಸಭ್ಯವಾಗುವ ತಂತ್ರಾಂಶವು ಕಾರಿನಲ್ಲಿಯೇ ಅಡಗಿತ್ತೆಂಬುದು 2015ರ ಸೆಪ್ಟೆಂಬರಿನಲ್ಲಿ ಲೋಕಕ್ಕೆ ತಿಳಿಯಿತು. ಅಂತಹ ಕಾರುಗಳು ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ. ವಂಚನೆಯನ್ನು ದಂಡಿಸುವುದು ಸುಲಭ. ವಂಚಿಸದೆಯೂ, ರಸ್ತೆಗಿಳಿದೊಡನೆ ಮಿತಿಯನ್ನು ಮೀರಿದ ಇತರ ಡೀಸೆಲ್ ಕಾರುಗಳೇ ನನಗೆ ಹೆಚ್ಚು ಚಿಂತೆಯ ವಿಷಯವಾಗಿ ಕಂಡಿವೆ.

ಯುರೋಪು 2017ರಿಂದ ಹೊಸ ಮಾದರಿಗಳನ್ನು ನಿಜರಸ್ತೆಯ ಮೇಲೆಯೂ ಅಳೆಯತೊಡಗಿತು. ನಮ್ಮಲ್ಲಿ ಬಿ.ಎಸ್. 6 ಎಂಬ ಹೊಗೆಮಿತಿಯ ನಿಯಮ 2020ರ ಏಪ್ರಿಲ್ 1ರಂದು ಜಾರಿಗೆ ಬಂದಿತಾದರೂ, ರಸ್ತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂಬ ಕಟ್ಟಳೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ಆದರೆ ಅದು ತಯಾರಕನಿಗೆ ಮಾತ್ರ. ಮಾರಾಟವಾಗಿ ಬೀದಿಗೆ ಬಂದ ಕಾರಿಗೆ ಇಂದಿಗೂ ಬಂಕಿನ ಮೂಲೆಯ ಸಲಾಕೆಯೇ ಗತಿ; ಆ ಸಲಾಕೆಯು ಸಾರಜನಕದ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ.