ಒಂದು ಗೇಮ್‌ನ ಸಾಮಾನು, ಇನ್ನೊಂದು ಗೇಮ್‌ನ ಮನೆ

‘ಟೇಲ್ ಆಫ್ ಟೂ ವೇಸ್ಟ್‌ಲ್ಯಾಂಡ್ಸ್’ ಎಂಬ ಮಾಡ್, ಅಂದರೆ ಆಟಗಾರರೇ ಗೇಮ್‌ಗೆ ಮಾಡಿಕೊಳ್ಳುವ ಮಾರ್ಪಾಡು, ಎರಡು ವಿಡಿಯೊ ಗೇಮ್‌ಗಳನ್ನು ಹೊಲಿದು ಒಂದು ಮಾಡುತ್ತದೆ. 2008ರ ‘ಫಾಲ್‌ಔಟ್ 3’ ಅಣುಯುದ್ಧದಲ್ಲಿ ಹಾಳಾದ ವಾಷಿಂಗ್ಟನ್ ನಗರದ ಕಥೆ. 2010ರ ‘ಫಾಲ್‌ಔಟ್: ನ್ಯೂ ವೇಗಸ್’ ನಡೆಯುವುದು ಮೊಹಾವಿ ಮರುಭೂಮಿಯಲ್ಲಿ. ಈ ಮಾಡ್ ಹಾಕಿಕೊಂಡರೆ ವಾಷಿಂಗ್ಟನ್ನಿನ ಅವಶೇಷಗಳಲ್ಲಿ ಅಲೆದ ಪಾತ್ರವೇ ರೈಲು ಹಿಡಿದು ಮೊಹಾವಿಗೆ ಹೋಗುತ್ತದೆ. ಆದರೆ ಇದರ ನಿಜವಾದ ಸೊಗಸು ಆಟಕ್ಕಿಂತ ಹೆಚ್ಚಾಗಿ ಅದರ ಇನ್‌ಸ್ಟಾಲರ್‌ನಲ್ಲಿದೆ.

ತೆರೆದ ಕೂಡಲೇ ಇನ್‌ಸ್ಟಾಲರ್ ಮೂರು ವಿಳಾಸ ಕೇಳುತ್ತದೆ: ಫಾಲ್‌ಔಟ್ 3 ಯಾವ ಫೋಲ್ಡರ್‌ನಲ್ಲಿದೆ, ನ್ಯೂ ವೇಗಸ್ ಯಾವುದರಲ್ಲಿದೆ, ಹೊಸದಾಗಿ ತಯಾರಾಗುವುದನ್ನು ಎಲ್ಲಿಡಬೇಕು. ಎರಡೂ ಗೇಮ್‌ಗಳು ಇದ್ದರೆ ಸಾಲದು, ಅವುಗಳ ವಿಸ್ತರಣೆಗಳೂ ಪೂರ್ತಿ ಇರಬೇಕು. ಫಾಲ್‌ಔಟ್ 3ರ ಐದು ವಿಸ್ತರಣೆಗಳಲ್ಲಿ ಒಂದು ಕಡಿಮೆಯಾದರೂ ಕೆಲಸ ಮುಂದೆ ಸಾಗದು. ಎಲ್ಲ ಸರಿಯಿದ್ದರೆ ಬಳಕೆದಾರರ ಕಂಪ್ಯೂಟರಿನಲ್ಲೇ ಹಳೆಯ ಗೇಮ್‌ನ ಕಡತಗಳನ್ನು ಬಿಚ್ಚಿ, ಹೊಸ ಗೇಮ್‌ಗೆ ಹೊಂದುವಂತೆ ತಿದ್ದಿ, ಮತ್ತೆ ಕಟ್ಟಿಡುತ್ತದೆ. ಡೌನ್‌ಲೋಡ್ ಆದ ಕಡತದಲ್ಲಿ ಇರುವುದು ಮಾಡರ್‌ಗಳು ಸ್ವಂತವಾಗಿ ಬರೆದದ್ದು ಮತ್ತು ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಪಟ್ಟಿ. ಫಾಲ್‌ಔಟ್ 3 ಇಲ್ಲದವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಅಡುಗೆಯ ವಿಧಾನ ಮಾತ್ರ ಕೊಟ್ಟು, ದಿನಸಿಯನ್ನು ಅವರವರ ಮನೆಯಿಂದಲೇ ತರಿಸಿದ ಹಾಗೆ ಇದು. ಮಾಡಿಂಗ್ ಲೋಕ ಕೃತಿಸ್ವಾಮ್ಯದ ಪ್ರಶ್ನೆಗೆ ಕಂಡುಕೊಂಡ ಉತ್ತರಗಳಲ್ಲಿ ಇಷ್ಟು ಮರ್ಯಾದಸ್ಥವಾದದ್ದು ಇನ್ನೊಂದಿಲ್ಲ.

ಪ್ರಶ್ನೆ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿಯಲು ಗೇಮ್‌ನ ಒಂದು ಕತ್ತಿಯನ್ನು ಬಿಚ್ಚಿ ನೋಡಿದರೆ ಸಾಕು. ಅದರ ಆಕಾರ ಒಂದು ಮೆಶ್. ಮೇಲಿನ ತುಕ್ಕು, ಹೊಳಪು, ಗೀರುಗಳೆಲ್ಲ ಟೆಕ್ಸ್ಚರ್. ಬೀಸುವ ಭಂಗಿ ಅನಿಮೇಷನ್, ತಾಗಿದಾಗಿನ ಸದ್ದು ಆಡಿಯೊ ಕಡತ. ಇವನ್ನೆಲ್ಲ ಒಟ್ಟಾಗಿ ಅಸೆಟ್ ಎನ್ನುತ್ತಾರೆ. ಕಾನೂನಿನ ಕಣ್ಣಿಗೆ ಮಾತ್ರ ಇವು ಒಟ್ಟಾಗಿ ಕಾಣುವುದಿಲ್ಲ. ಚಿತ್ರ, ಧ್ವನಿಮುದ್ರಣ, ಪ್ರೋಗ್ರಾಂ ಎಂದು ಬೇರೆ ಬೇರೆ ಕೃತಿಗಳಾಗಿ ಕಾಣುತ್ತವೆ. ಒಂದು ಗೇಮ್‌ನಿಂದ ತೆಗೆದು ಇನ್ನೊಂದಕ್ಕೆ ಒಗ್ಗಿಸಿ ಅಂತರ್ಜಾಲಕ್ಕೆ ಏರಿಸಿದಾಗ ನಡೆಯುವುದು ಪ್ರತಿ ಮಾಡುವುದು, ರೂಪ ಬದಲಿಸುವುದು, ಸಾರ್ವಜನಿಕರಿಗೆ ತಲುಪಿಸುವುದು. ಮೂರೂ ಹಕ್ಕುದಾರರಿಗೆ ಮೀಸಲಾದ ಕೆಲಸಗಳು.

ಗೇಮ್ ತಯಾರಿಸಿದ ಕಂಪನಿಯ ಕೈಯಲ್ಲೂ ಎಲ್ಲ ಹಕ್ಕು ಇರುತ್ತದೆಂದು ಹೇಳಲಾಗದು. ಫಾಲ್‌ಔಟ್ 3ನ್ನು ಪೂರ್ತಿಯಾಗಿ ‘ಫಾಲ್‌ಔಟ್ 4’ರೊಳಗೆ ಮರುಕಟ್ಟಲು ಹೊರಟಿದ್ದ ‘ಕ್ಯಾಪಿಟಲ್ ವೇಸ್ಟ್‌ಲ್ಯಾಂಡ್’ ತಂಡಕ್ಕೆ 2018ರ ಮಾರ್ಚ್‌ನಲ್ಲಿ ಎದುರಾದದ್ದು ಇದೇ ತೊಡಕು. ಮೂಲ ಗೇಮ್‌ನ ಸಂಭಾಷಣೆಯ ಧ್ವನಿಯನ್ನು ಹೊಸ ಗೇಮ್‌ಗೆ ತರುವುದು ಕಾನೂನಿನ ಅಪಾಯ ಎಂಬುದು ಗೇಮ್‌ನ ಒಡೆಯರಾದ ಬೆಥೆಸ್ಡಾ ಕಂಪನಿಯೊಂದಿಗಿನ ಮಾತುಕತೆಯಲ್ಲಿ ಸ್ಪಷ್ಟವಾಯಿತು. ಆ ಧ್ವನಿಗಳಲ್ಲಿ ಲಿಯಾಮ್ ನೀಸನ್, ಮಾಲ್ಕಂ ಮೆಕ್‌ಡವೆಲ್ ಅವರಂಥ ನಟರದೂ ಇದ್ದವು. ಕೆಲಸ ನಿಂತಿತು, ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಶುರುವಾಯಿತು. ನಟರೊಬ್ಬರು ಒಂದು ಗೇಮ್‌ಗೆಂದು ಕೊಟ್ಟ ದನಿ ಇನ್ನೊಂದರಲ್ಲಿ ಕೇಳಿಸಬೇಕಾದರೆ ಅವರ ಒಪ್ಪಂದ ಅದಕ್ಕೆ ಎಡೆ ಕೊಡಬೇಕು. ಸಂಗೀತ, ಕಾರಿನ ಬ್ರ್ಯಾಂಡ್, ಕ್ರೀಡಾಪಟುವಿನ ಮೈಮೇಲಿನ ಹಚ್ಚೆ ಎಲ್ಲಕ್ಕೂ ಇದೇ ಮಾತು. ಕುಸ್ತಿಪಟು ರ‍್ಯಾಂಡಿ ಆರ್ಟನ್‌ನ ಹಚ್ಚೆಗಳನ್ನು ಗೇಮ್‌ನಲ್ಲಿ ತೋರಿಸಿದ್ದಕ್ಕೆ ಹಚ್ಚೆ ಹಾಕಿದ ಕಲಾವಿದೆಗೆ 3,750 ಡಾಲರ್ ಕೊಡಬೇಕೆಂದು ಅಮೆರಿಕದ ಜ್ಯೂರಿಯೊಂದು 2022ರಲ್ಲಿ ತೀರ್ಮಾನಿಸಿತ್ತು.

ಈ ಜಗಳ ಹೊಸದೇನಲ್ಲ. 1997ರಲ್ಲಿ ‘ಕ್ವೇಕ್’ ಗೇಮ್‌ನೊಳಗೆ ‘ಏಲಿಯನ್ಸ್’ ಚಿತ್ರದ ಲೋಕವನ್ನು ಕಟ್ಟುತ್ತಿದ್ದ ಮಾಡನ್ನು ಚಿತ್ರದ ಒಡೆಯರಾದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಮುಚ್ಚಿಸಿತು. ಅಂದಿನಿಂದ ಹೀಗೆ ನಿಂತುಹೋದ ಮಾಡ್‌ಗಳಿಗೆ ‘ಫಾಕ್ಸ್ಡ್’ ಎನ್ನುವ ರೂಢಿಯೇ ಬಂತು. 2024ರ ಏಪ್ರಿಲ್‌ನಲ್ಲಿ ‘ಗ್ಯಾರಿಸ್ ಮಾಡ್’ ಎಂಬ ಗೇಮ್‌ನ ಬಳಕೆದಾರರು ಸುಮಾರು ಇಪ್ಪತ್ತು ವರ್ಷಗಳಿಂದ ಏರಿಸಿದ್ದ ನಿಂಟೆಂಡೊ ಪಾತ್ರಗಳು, ಸಾಮಗ್ರಿಗಳು ನಿಂಟೆಂಡೊ ಕೇಳಿತೆಂದು ತೆರವಾಗತೊಡಗಿದವು. ಇಷ್ಟು ವರ್ಷ ಸುಮ್ಮನಿದ್ದರು ಎಂಬುದು ಅನುಮತಿಯಾಗುವುದಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಮೂಲ ಗೇಮ್‌ನ ಅಸೆಟ್ ಯಾವುದನ್ನೂ ಹೊತ್ತು ತರದ, ಮೊದಲಿಗೆ ಕಂಡ ಆ ಇನ್‌ಸ್ಟಾಲರ್ ಪೂರ್ತಿ ನಿರ್ದೋಷಿಯೇ? ಇಲ್ಲಿ ಅಮೆರಿಕದ ಒಂದು ತೀರ್ಪು ಅಡ್ಡ ಬರುತ್ತದೆ. ಅದನ್ನು ನಿಧಾನವಾಗಿ ಓದಬೇಕು. 1996ರ ‘ಡ್ಯೂಕ್ ನ್ಯೂಕಮ್ 3ಡಿ’ ಗೇಮ್‌ನೊಂದಿಗೆ ಹೊಸ ಹಂತಗಳನ್ನು ಕಟ್ಟುವ ಸಾಧನವನ್ನೂ ಕೊಡಲಾಗಿತ್ತು. ಕಟ್ಟಿದ್ದನ್ನು ಉಚಿತವಾಗಿ ಹಂಚಬಹುದಿತ್ತು, ಮಾರುವಂತಿರಲಿಲ್ಲ. ಮೈಕ್ರೋ ಸ್ಟಾರ್ ಎಂಬ ಕಂಪನಿ ಅಭಿಮಾನಿಗಳು ಕಟ್ಟಿದ 300 ಹಂತಗಳನ್ನು ಸಿ.ಡಿ.ಗೆ ತುಂಬಿ ‘ನ್ಯೂಕ್ ಇಟ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಪ್ರಕಾಶಕರಾದ ಫಾರ್ಮ್‌ಜೆನ್ ಆಕ್ಷೇಪಿಸಿದಾಗ ಮೈಕ್ರೋ ಸ್ಟಾರ್ ಕೊಟ್ಟ ಉತ್ತರ ಚುರುಕಾಗಿತ್ತು: ಮ್ಯಾಪ್ ಕಡತದಲ್ಲಿ ಗೇಮ್‌ನ ಒಂದು ಚಿತ್ರವೂ ಇಲ್ಲ. ಇಂಥ ಗೋಡೆಯನ್ನು ಇಲ್ಲಿಡು, ಇಂಥ ರಾಕ್ಷಸನನ್ನು ಅಲ್ಲಿ ನಿಲ್ಲಿಸು ಎಂಬ ಸೂಚನೆಗಳಷ್ಟೇ ಇವೆ. ಚಿತ್ರಗಳೆಲ್ಲ ಬರುವುದು ಕೊಂಡವರ ಬಳಿಯಿರುವ ಮೂಲ ಗೇಮ್‌ನಿಂದ.

1998ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ತೀರ್ಪು ಬರೆದ ನ್ಯಾಯಾಧೀಶ ಅಲೆಕ್ಸ್ ಕೊಜಿನ್ಸ್‌ಕಿ ಅವರ ದೃಷ್ಟಿಯಲ್ಲಿ ಚಿತ್ರ ಇದೆಯೋ ಇಲ್ಲವೋ ಎಂಬುದು ಮುಖ್ಯವಾಗಲಿಲ್ಲ. ಆ ಹಂತಗಳು ಡ್ಯೂಕ್ ನ್ಯೂಕಮ್‌ನ ಕಥೆಯನ್ನೇ ಮುಂದುವರಿಸುತ್ತವೆ, ಕಥೆಯ ಉತ್ತರಭಾಗ ಬರೆಯುವ ಹಕ್ಕು ಮೂಲದವರದು. ತೀರ್ಪಿನ ಒಂದು ಅಡಿಟಿಪ್ಪಣಿ ಇನ್ನೂ ಸ್ವಾರಸ್ಯದ್ದು. ಅದೇ ಮ್ಯಾಪ್ ಕಡತವನ್ನು ಬೇರೊಂದು ಗೇಮ್‌ನಲ್ಲಿ ಹಾಕಿದಾಗ, ಇಲಿಯಂಥ ಪುಕ್ಕಲನೊಬ್ಬ ಮಸುಕು ಬಣ್ಣದ ಚಕ್ರವ್ಯೂಹದಲ್ಲಿ ಪೇಪರ್ ಕ್ಲಿಪ್ಪಿನಿಂದ ಕ್ರೂರ ಉಪ್ಪಿನ ಡಬ್ಬಿಗಳನ್ನು ಕೊಲ್ಲುತ್ತಾ ಹೋಗುವ ಕಥೆ ಹುಟ್ಟುವಂತಿದ್ದರೆ ಮಾತು ಬೇರೆಯಾಗುತ್ತಿತ್ತು ಎನ್ನುತ್ತದೆ ಅದು. ಸೂಚನೆಯ ಕಡತ ಒಂದೇ ಗೇಮ್‌ಗೆ ಅಂಟಿಕೊಂಡಿದೆಯೇ, ಎಲ್ಲಿ ಬೇಕಾದರೂ ನಡೆಯುತ್ತದೆಯೇ ಎಂಬುದೇ ಅಳತೆಗೋಲು. ಆ ಗೋಲಿನಿಂದ ಅಳೆದರೆ ಟೇಲ್ ಆಫ್ ಟೂ ವೇಸ್ಟ್‌ಲ್ಯಾಂಡ್ಸ್ ಕೂಡ ಸಂಪೂರ್ಣ ಸುರಕ್ಷಿತವಲ್ಲ. ಅದರ ವ್ಯತ್ಯಾಸದ ಪಟ್ಟಿ ಆ ಎರಡು ಗೇಮ್‌ಗಳಿಗಲ್ಲದೆ ಬೇರಾವುದಕ್ಕೂ ಒದಗದು. ದೊಡ್ಡ ಭೇದವೆಂದರೆ ನ್ಯೂಕ್ ಇಟ್ ಮಾರಾಟದ ಸರಕಾಗಿತ್ತು, ಇದು ಉಚಿತ. ಜೊತೆಗೆ ಇದನ್ನು ಬಳಸುವವರೆಲ್ಲ ಎರಡು ಗೇಮ್‌ಗಳನ್ನೂ ಕೊಳ್ಳಲೇಬೇಕು. ಮಾಡ್ ಇಂದಿಗೂ ಸಿಗುತ್ತಿದೆ.

ಯುರೋಪಿನಲ್ಲಿ ಗಾಳಿ ತುಸು ಬೇರೆ ದಿಕ್ಕಿನಲ್ಲಿ ಬೀಸುತ್ತಿದೆ. ಸೋನಿ ಮತ್ತು ಡಾಟೆಲ್ ನಡುವಿನ ಪ್ರಕರಣದಲ್ಲಿ ಅಲ್ಲಿನ ನ್ಯಾಯಾಲಯ, ಗೇಮ್ ಓಡುವಾಗ ಮೆಮೊರಿಯಲ್ಲಿನ ಮೌಲ್ಯಗಳನ್ನಷ್ಟೇ ಬದಲಿಸಿ ಕೋಡನ್ನು ಮುಟ್ಟದಿದ್ದರೆ ಪ್ರೋಗ್ರಾಂನ ಕೃತಿಸ್ವಾಮ್ಯಕ್ಕೆ ಧಕ್ಕೆಯಿಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಹೇಳಿತು. ಅಸೆಟ್‌ಗಳನ್ನೇ ಎತ್ತಿ ತರುವವರಿಗೆ ಇದರಿಂದ ನೆರಳು ಸಿಗುವುದಿಲ್ಲ.

ಒಂದೇ ಕಂಪನಿಯ ಎರಡು ಗೇಮ್‌ಗಳ ನಡುವೆ ಸಾಗಿಸಿದರೆ ತಪ್ಪೇನು ಎಂಬ ಮಾತು ಪದೇಪದೇ ಕೇಳಿಬರುತ್ತದೆ. ರಾಕ್‌ಸ್ಟಾರ್ ಕಂಪನಿ ಇದಕ್ಕೆ ಬರಹದಲ್ಲೇ ಉತ್ತರ ಕೊಟ್ಟಿದೆ. 2017ರಲ್ಲಿ ಓಪನ್‌ಐವಿ ಎಂಬ ಮಾಡಿಂಗ್ ಸಾಧನವನ್ನು ರಾಕ್‌ಸ್ಟಾರ್‌ನ ಮಾತೃಸಂಸ್ಥೆ ಟೇಕ್-ಟೂ ನಿಲ್ಲಿಸಲು ಹೊರಟಾಗ ಆಟಗಾರರು ಸಿಡಿದೆದ್ದರು. ಆಗ ಪ್ರಕಟವಾದ ನೀತಿಯ ಪ್ರಕಾರ ಹಣ ಗಳಿಸದ, ಒಬ್ಬರೇ ಆಡುವ ಮಾಡ್‌ಗಳ ಮೇಲೆ ಸಾಮಾನ್ಯವಾಗಿ ಕ್ರಮವಿಲ್ಲ. ಆದರೆ ಬೇರೆಡೆಯ ಸ್ವತ್ತನ್ನು, ರಾಕ್‌ಸ್ಟಾರ್‌ನದೇ ಇನ್ನೊಂದು ಗೇಮ್‌ನ ಸ್ವತ್ತನ್ನು ಕೂಡ, ತಂದು ಸೇರಿಸಿದರೆ ಈ ರಿಯಾಯಿತಿ ಇಲ್ಲ. ಅದೇ ಕಂಪನಿಯ ‘ಜಿಟಿಎ 4’ರ ಲಿಬರ್ಟಿ ಸಿಟಿಯನ್ನು ‘ಜಿಟಿಎ 5’ಕ್ಕೆ ತಂದಿದ್ದ ಮಾಡ್ 2025ರ ಜನವರಿಯಲ್ಲಿ ತೆರವಾಯಿತು. ಕಂಪನಿಗಳ ಲೆಕ್ಕ ಊಹಿಸುವುದು ಕಷ್ಟವಲ್ಲ: ಹಳೆಯ ಗೇಮ್ ಎಂದರೆ ನಾಳೆ ಹೊಸ ಹೊದಿಕೆಯಲ್ಲಿ ಮಾರಬಹುದಾದ ಸರಕು.

ಆ ಸರಕಿನ ಹಿಂದೆ ಬೆಂಗಳೂರಿನ ದುಡಿಮೆಯೂ ಇದೆ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್, ‘ಫೋರ್ಜಾ’ದಂಥ ಗೇಮ್‌ಗಳಿಗೆ ಅಸೆಟ್ ತಯಾರಿಸಿಕೊಡುತ್ತಿದ್ದ ಸಂಸ್ಥೆ. 2019ರಲ್ಲಿ ಅದನ್ನು ಕೊಂಡದ್ದು ಇದೇ ರಾಕ್‌ಸ್ಟಾರ್. ಮಾಡರ್ ಒಂದು ಗುಂಡಿ ಒತ್ತಿ ಹೊರತೆಗೆಯುವ ಮೆಶ್ ಯಾರೋ ವಾರಗಟ್ಟಲೆ ಕಣ್ಣು ನೋಯಿಸಿಕೊಂಡು ಕೂತು ಕಡೆದದ್ದು ಎಂಬುದು ಈ ಚರ್ಚೆಗಳಲ್ಲಿ ಬೇಗ ಮರೆತುಹೋಗುತ್ತದೆ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮಾಡಿಂಗ್ ಎಂಬ ಪದವಿಲ್ಲ. 52ನೇ ಸೆಕ್ಷನ್ ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯೋಚಿತ ಮಿತಿಯಲ್ಲಿ ಎಡೆ ಕೊಡುತ್ತದೆ, ಆದರೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಅದರಿಂದ ಹೊರಗಿಡುತ್ತದೆ. ಕಾನೂನುಬದ್ಧವಾಗಿ ಪ್ರೋಗ್ರಾಂ ಪಡೆದವರು ಅದನ್ನು ಕೊಟ್ಟ ಉದ್ದೇಶಕ್ಕಾಗಿ ಪ್ರತಿ ಅಥವಾ ಮಾರ್ಪಾಡು ಮಾಡಿಕೊಳ್ಳಬಹುದೆಂಬುದು ಬೇರೆ ಉಪವಿಧಿ. ಹೀಗಾಗಿ ಕೊಂಡ ಗೇಮ್‌ನ ಟೆಕ್ಸ್ಚರ್ ಒಂದನ್ನು ಮನೆಯ ಕಂಪ್ಯೂಟರಿನಲ್ಲಿ ಬದಲಿಸಿಕೊಂಡವರಿಗೆ ವಾದಿಸಲು ಜಾಗವಿದೆ. ಅದನ್ನೇ ಅಂತರ್ಜಾಲದಲ್ಲಿ ಹಂಚಿದವರಿಗೆ ಇಲ್ಲ. ಗೊತ್ತಿದ್ದೂ ಉಲ್ಲಂಘಿಸಿದರೆ 63ನೇ ಸೆಕ್ಷನ್ನಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ ಶಿಕ್ಷೆ ತಗ್ಗಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಉಚಿತವಾಗಿ ಕೊಟ್ಟೆ, ಮೂಲದವರ ಹೆಸರು ಹಾಕಿದ್ದೇನೆ, ಗೇಮ್ ಹಳೆಯದು ಎಂಬ ಮೂರು ಸಮರ್ಥನೆಗಳಲ್ಲಿ ಯಾವುದೂ ತಪ್ಪನ್ನು ಅಳಿಸುವುದಿಲ್ಲ. ನೆಕ್ಸಸ್ ಮಾಡ್ಸ್‌ನಂಥ ತಾಣಗಳು ಅನುಮತಿಯಿಲ್ಲದೆ ಬೇರೆ ಗೇಮ್‌ನಿಂದ ತೆಗೆದ ಅಸೆಟ್‌ಗಳನ್ನು ಇಟ್ಟುಕೊಳ್ಳುವುದೂ ಇಲ್ಲ.

ಉಳಿಯುವ ದಾರಿಗಳು ಎರಡು. ಮೊದಲನೆಯದು ಎಲ್ಲವನ್ನೂ ಹೊಸದಾಗಿ ಮಾಡುವುದು. ‘ಹಾಫ್-ಲೈಫ್’ ಗೇಮ್‌ನ ಗೋಡೆಗಳನ್ನು, ದನಿಗಳನ್ನು ಮರುಸೃಷ್ಟಿಸಿದ ‘ಬ್ಲ್ಯಾಕ್ ಮೆಸಾ’ 2012ರಲ್ಲಿ ಉಚಿತ ಮಾಡ್ ಆಗಿ ಬಂತು. ಮೂಲ ಗೇಮ್‌ನ ಒಡೆಯರಾದ ವಾಲ್ವ್ ಕಂಪನಿಯ ಒಪ್ಪಿಗೆಯೊಂದಿಗೆ 2020ರಲ್ಲಿ ಪೂರ್ಣರೂಪದಲ್ಲಿ ಮಾರಾಟವನ್ನೂ ಕಂಡಿತು. ಎರಡನೆಯದು ಲಿಖಿತ ಪರವಾನಗಿ. ಇದರಲ್ಲಿ ಜೆಕ್ ದೇಶದ ಬೊಹೇಮಿಯಾ ಇಂಟರಾಕ್ಟಿವ್ ಮಾಡಿದ್ದು ಉಳಿದ ಕಂಪನಿಗಳೂ ಮಾಡಬೇಕಾದ ಕೆಲಸ. ತನ್ನ ಹಳೆಯ ‘ಆರ್ಮಾ’ ಗೇಮ್‌ಗಳ ಅಸೆಟ್‌ಗಳನ್ನು ಅದು ತಾನೇ ಬಿಡಿಸಿ, ಷರತ್ತುಗಳೊಂದಿಗೆ ಮಾಡರ್‌ಗಳ ಕೈಗಿಟ್ಟಿದೆ. ಮೂಲದವರ ಹೆಸರು ಹೇಳಬೇಕು, ಹಣ ಮಾಡಬಾರದು, ತಿದ್ದಿದ್ದನ್ನು ಇತರರಿಗೂ ಅದೇ ಷರತ್ತಿನಲ್ಲಿ ಕೊಡಬೇಕು. ಆರ್ಮಾದ ಟ್ಯಾಂಕನ್ನು ಬೇರೆ ಕಂಪನಿಯ ಗೇಮ್‌ಗೆ ಸಾಗಿಸಲು ಮಾತ್ರ ಆ ಪರವಾನಗಿಯಲ್ಲೂ ಅವಕಾಶವಿಲ್ಲ.